ಮಿಂಗೇಲನ ಮಾಂಸದ ಕೋಣೆ

ಹತ್ತಿರ ಬಂದು ಕೂತ್ಕೊಳ್ಳಿ. ನಗೂದಾದ್ರೆ ಆಮೇಲೆ ನಗಿ, ಮೊದ್ಲು ಪೂರ್ತಿ ಕೇಳಿ.

ಹೊನ್ನಾವರದ ಆಚೆ, ಹೊಳೆ ದಂಡೆಯಲ್ಲಿ ಪಾಸ್ಕೀನಬಾಯಿ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಮಿಂಗೇಲ. ವಯಸ್ಸು ನಲವತ್ತು. ಮೈಯಲ್ಲಿ ಎರಡು ಎತ್ತಿನ ಬಲ. ತಲೆಯಲ್ಲಿ ಮಾತ್ರ ಒಂದು ಸಲಕ್ಕೆ ಒಂದೇ ಮಾತು ಹಿಡಿಯುವಷ್ಟು ಜಾಗ. ಹೇಳಿದ್ದು ಕೇಳುವುದಿಲ್ಲ ಅನ್ನುವ ಹಾಗಿಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ. ಅವಳ ಕಷ್ಟವೆಲ್ಲ ಅದೇ.

ಪಾಸ್ಕೀನಬಾಯಿಯ ಕೈಯ ಸಾಸೇಜು ಅಂದರೆ ಊರಿಗೇ ಇಷ್ಟ. ಹಂದಿಮಾಂಸ ಸಣ್ಣಗೆ ಹೆಚ್ಚಿ, ಉಪ್ಪು, ಕೆಂಪುಮೆಣಸು, ವಿನೆಗರಿನಂಥ ಕಳ್ಳಿನ ಹುಳಿ ಹಾಕಿ, ತೊಳೆದ ಕರುಳಿನೊಳಗೆ ತುಂಬಿ, ಗಂಟು ಹಾಕಿ ಹೊಗೆಗೆ ಕಟ್ಟುವುದು. ಇಷ್ಟು ದಿನ ಅಡುಗೆಮನೆಯಲ್ಲೇ ನಡೆಯುತ್ತಿತ್ತು. ಈಗ ಅವಳ ಕೈ ನಡುಗುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ತಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಅನ್ನಕ್ಕೆ ಒಂದು ದಾರಿ ಬೇಕಲ್ಲ? ಹಿತ್ತಿಲ ಆಡಿನ ಕೊಟ್ಟಿಗೆಯನ್ನೇ ಒಂದು ಮಾಂಸದ ಕೋಣೆ ಮಾಡಿ, ಇವನಿಗೆ ಕೆಲಸ ಕಲಿಸಿಬಿಡಬೇಕು ಅಂದುಕೊಂಡಳು. ಅಷ್ಟರಲ್ಲಿ ಅವಳ ತಮ್ಮ ಇನಾಸನ ಮಗಳ ಮದುವೆ ಗೊತ್ತಾಯಿತು. "ಅಕ್ಕಾ, ಮದುವೆ ಊಟಕ್ಕೆ ನಿನ್ನದೇ ಸಾಸೇಜು!" ಅಂದ ಇನಾಸ.

ಕೊಟ್ಟಿಗೆಗೆ ಹೆಂಚಿನ ಮಾಡು ಇತ್ತು, ಮೂರು ಗೋಡೆಯಿತ್ತು. ಎದುರಿನ ಗೋಡೆ ಕಟ್ಟುವುದೊಂದೇ ಬಾಕಿ.

"ಮಗಾ, ಒಂದು ಬೆಕ್ಕೂ ನುಗ್ಗಬಾರ್ದು, ಹಾಗೆ ಕಟ್ಟು" ಅಂದಳು.

"ಆಯ್ತು ಆಯಿ!"

ಸಂಜೆ ಬಂದು ನೋಡುತ್ತಾಳೆ, ಕೆಂಪುಕಲ್ಲಿನ ಗೋಡೆ ಮಾಡಿನವರೆಗೂ ಎದ್ದಿದೆ. ಚೊಕ್ಕ ಕೆಲಸ. ಮಿಂಗೇಲ ಮಾತ್ರ ಕಾಣುವುದಿಲ್ಲ.

"ಮಿಂಗೇಲಾ! ಎಲ್ಲಿದ್ಯಾ?"

"ಇಲ್ಲೇ ಒಳಗೆ ಆಯಿ!"

"ಬಾಗಿಲೆಲ್ಲಿ?"

"ಬಾಗಿಲಿಟ್ರೆ ಬೆಕ್ಕು ಬರ್ತದಲ್ಲ!"

ಪಾಸ್ಕೀನಬಾಯಿ ಹಣೆ ಗೋಡೆಗೆ ಒತ್ತಿದಳು. ಆಮೇಲೆ ಹಾರೆ ತಂದು, ತಾನೇ ಮೂರು ಕಲ್ಲು ಕಿತ್ತಳು. "ಹಾಳಾದವನೇ! ಒಳಗಿದ್ದದ್ದು ಹೊರಗೆ ಬರೂಕೆ ಮೊದ್ಲು ದಾರಿ ಮಾಡ್ಬೇಕು! ತಿಳೀತಾ?"

"ತಿಳೀತು ಆಯಿ!"

ಬಾಗಿಲಾಯಿತು. ಮರುದಿನ ಇನಾಸನ ಮನೆಯಿಂದ ಒಂದು ಕ್ಯಾನು ಕಳ್ಳಿನ ಹುಳಿ ತರಲಿಕ್ಕೆ ಕಳಿಸಿದಳು. ಮಿಂಗೇಲ ಕ್ಯಾನು ಹಿಡಿದ. ಒಳಗಿದ್ದದ್ದು ಹುಳಿ. ಹೊರಗೆ ಬರಲಿಕ್ಕೆ ದಾರಿ ಬೇಕು. ಒಂದು ಮೊಳೆ ತಗೊಂಡು ಕ್ಯಾನಿನ ಬುಡಕ್ಕೆ ತೂತು ಹೊಡೆದ. ಮನೆಗೆ ಬಂದಾಗ ಕ್ಯಾನು ಹಗುರ, ದಾರಿಯುದ್ದಕ್ಕೂ ಹುಳಿ ವಾಸನೆ.

"ಅಯ್ಯೋ ದೇವರೇ! ಹುಳಿ ಎಲ್ಲೋ?"

"ಹೊರಗೆ ಬಂತು ಆಯಿ! ನೀನೇ ಹೇಳಿದ್ಯಲ್ಲ!"

"ಮರ್ಳು ಮಾರಾಯಾ! ಏನು ತಂದ್ರೂ ಬಾಯಿ ಬಿಗಿಯಾಗಿ ಕಟ್ಟಿ, ಹೆಗಲ ಮೇಲೆ ಹೊತ್ತು ತರ್ಬೇಕು! ತಿಳೀತಾ?"

"ತಿಳೀತು ಆಯಿ!"

ಇನಾಸ ಇನ್ನೊಂದು ಕ್ಯಾನು ತಾನೇ ತಂದುಕೊಟ್ಟ. ಇನ್ನು ಮಾಂಸ ಹೆಚ್ಚಲಿಕ್ಕೆ ಒಂದು ಮೇಜು ಬೇಕಿತ್ತು. "ಹೋಗಿ ಗಣಪು ಆಚಾರಿಯನ್ನ ಕರ್ಕೊಂಡು ಬಾ" ಅಂದಳು.

ಗಣಪು ಆಚಾರಿ ಎಪ್ಪತ್ತರ ಮುದುಕ. ಕಡ್ಡಿಯಂಥ ಆಳು. ಸ್ವಲ್ಪ ಹೊತ್ತಿಗೆ ಮಿಂಗೇಲ ಬಂದ. ಹೆಗಲ ಮೇಲೆ ಆಚಾರಿ. ಆಚಾರಿಯ ಬಾಯಿಗೆ ಪಂಚೆ. ಕೈಕಾಲು ಗಾಳಿಯಲ್ಲಿ ಬಡಿಯುತ್ತಿದೆ.

"ಇಳಿಸು! ಇಳಿಸೋ ಅವ್ರನ್ನ!"

ಬಾಯಿ ಬಿಚ್ಚಿದ್ದೇ ತಡ, ಆಚಾರಿ ಆಡಬಾರದ್ದೆಲ್ಲ ಆಡಿದ. ಪಾಸ್ಕೀನಬಾಯಿ ಕೈ ಮುಗಿದಳು, ಚಾ ಕೊಟ್ಟಳು, ಮತ್ತೆ ಕೈ ಮುಗಿದಳು. ಅವಳ ಮೋರೆ ನೋಡಿ ಆಚಾರಿಗೆ ಪಾಪ ಅನಿಸಿ ಮೇಜು ಮಾಡಿಕೊಟ್ಟ. ಮಿಂಗೇಲ ಹತ್ತಿರ ಬಂದಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ.

ಅವನು ಹೋದ ಮೇಲೆ ಪಾಸ್ಕೀನಬಾಯಿ ಮಗನ ಕಡೆ ತಿರುಗಿದಳು. ಬೈಯುವುದು ಬಿಟ್ಟು ಮೆಲ್ಲಗೆ ಹೇಳಿದಳು. "ಮಗಾ, ಮನೆಗೆ ಬಂದವರನ್ನ ಕೂರಿಸ್ಬೇಕು. ಇದ್ದದ್ದನ್ನ ಬಡಿಸ್ಬೇಕು. ಸಾಕು ಅನ್ನೂವರೆಗೂ ಬಡಿಸ್ಬೇಕು. ತಿಳೀತಾ?"

"ತಿಳೀತು ಆಯಿ!"

ಮದುವೆಗೆ ಹತ್ತು ದಿನ ಇರುವಾಗ ಹಂದಿ ಕಡಿಸಿದರು. ಹೊಸ ಮೇಜಿನ ಮೇಲೆ ತಾಯಿ ಮಗ ಕೂಡಿ ಮಾಂಸ ಹೆಚ್ಚಿ, ಉಪ್ಪು ಹಚ್ಚಿ, ದೊಡ್ಡ ಬೋಗುಣಿಯಲ್ಲಿಟ್ಟರು. ಅವಳು ಕರುಳು ತೊಳೆಯಲಿಕ್ಕೆ ಹೊಳೆಗೆ ಹೋದಳು. ಮಗುಚಿ, ಉಪ್ಪು ಲಿಂಬೆ ಹಾಕಿ ತಿಕ್ಕಿ, ಏಳು ನೀರಿನಲ್ಲಿ ತೊಳೆದು, ಸೊಂಟ ಹಿಡಿದುಕೊಂಡು ವಾಪಸು ಬರುತ್ತಾಳೆ—

ಕೋಣೆಯಲ್ಲಿ ಮೂರು ನಾಯಿ, ಎರಡು ಬೆಕ್ಕು. ಎಲ್ಲರಿಗೂ ಸಾಲಾಗಿ ಬಾಳೆ ಎಲೆ. ಮಿಂಗೇಲ ಸೌಟು ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತಿದ್ದಾನೆ.

"ಏನೋ ಇದು!"

"ಬಂದವರು ಆಯಿ! ಕೂರಿಸಿದೆ! ಬಡಿಸಿದೆ! ಆದ್ರೆ ಯಾರೂ ಇನ್ನೂ ಸಾಕು ಅನ್ಲಿಲ್ಲ!"

ಬೋಗುಣಿ ಅರ್ಧ ಖಾಲಿ. ಪಾಸ್ಕೀನಬಾಯಿ ನಾಯಿ ಬೆಕ್ಕು ಓಡಿಸಿ, ಎಲೆ ಎತ್ತಿ, ನೆಲ ತೊಳೆದು, ಹೊಸ್ತಿಲ ಮೇಲೆ ಕೂತಳು. ಇವನಿಗೆ ಹೇಳಿದರೆ ತಪ್ಪು, ಹೇಳದಿದ್ದರೂ ತಪ್ಪು. ಇನಾಸನಿಗೆ ಯಾವ ಮೋರೆ ತೋರಿಸುವುದು? ಮಗ ಬಂದು ಪಕ್ಕದಲ್ಲಿ ಕೂತ. "ಆಯಿ, ಸುಸ್ತಾಯ್ತಾ?" ಅಂದ.

"ಹೂಂ, ಮಗಾ. ಯಾರೇ ಬರ್ಲಿ, ಇನ್ನು ಈ ಕೋಣೆ ಒಳಗೆ ಬಿಡ್ಬೇಡ."

"ಆಯ್ತು ಆಯಿ!"

ಉಳಿದ ಅರ್ಧವನ್ನೇ ಅಡುಗೆಮನೆಗೆ ತಂದು ಮಸಾಲೆ ಹಾಕಿದರು. ಅವಳು ತುಂಬಿದಳು, ಅವನು ಗಂಟು ಹಾಕಿದ. ಬಿಸಿಲಿಗೆ ಒಣಗಿಸಿದ ಮೇಲೆ ಅವನೇ ಕೋಣೆಯೊಳಗೆ ಹೊಗೆಗೆ ಕಟ್ಟಿದ. ಮದುವೆಯ ಹಿಂದಿನ ದಿನ ಸಾಸೇಜು ಇಳಿಸೋಣ ಅಂತ ಅವಳು ಬಂದರೆ ಮಿಂಗೇಲ ಬಾಗಿಲಿಗೆ ಅಡ್ಡ ನಿಂತಿದ್ದಾನೆ.

"ಅತ್ತ ಸರಿಯೋ."

"ಆಗೂದಿಲ್ಲ ಆಯಿ! ಯಾರನ್ನೂ ಬಿಡ್ಬೇಡ ಅಂದಿದ್ಯಲ್ಲ!"

"ನಾನೋ, ನಿನ್ನ ಆಯಿ!"

"ಗೊತ್ತು ಆಯಿ! ನಿನ್ನನ್ನ ಬಿಡು ಅಂತ ನೀನು ಹೇಳ್ಲಿಲ್ಲ!"

ಅಷ್ಟರಲ್ಲಿ ರಸ್ತೆಯಲ್ಲಿ ಟೆಂಪೋ ನಿಂತಿತು. ಇನಾಸ ಇಳಿದ. ಅವನ ಹಿಂದೆ ಮದುಮಗನ ದೊಡ್ಡಪ್ಪ, ಬಿಳಿ ಇಸ್ತ್ರಿ ಅಂಗಿ, ದೊಡ್ಡ ಮೀಸೆ. ಕೈಯಲ್ಲಿ ಖಾಲಿ ಬುಟ್ಟಿ. ಅವರ ಎದುರಿಗೆ ಕೂಗಾಡಲಿಕ್ಕೆ ಅವಳಿಗೆ ಮನಸ್ಸಿರಲಿಲ್ಲ, ತ್ರಾಣವೂ ಇರಲಿಲ್ಲ. ಯೋಚನೆ ಮಾಡಿ, ಒಂದೊಂದೇ ಮಾತು ಆರಿಸಿ ಹೇಳಿದಳು.

"ಮಿಂಗೇಲಾ, ನನ್ನನ್ನ ಒಳಗೆ ಬಿಡ್ಬೇಡ. ನೀನೇ ಸಾಸೇಜಿನ ಮಾಲೆ ಎಲ್ಲ ಹೊರಗೆ ತಾ."

"ಹಾಂ! ಅದು ಆಗ್ತದೆ!"

ತಂದ. ಕೆಂಪಗೆ, ಹೊಗೆ ಹಿಡಿದು, ಎಣ್ಣೆ ಜಿನುಗುವ ಉದ್ದುದ್ದ ಮಾಲೆಗಳು. ಪಾಸ್ಕೀನಬಾಯಿಗೆ ಜೀವ ಬಂದ ಹಾಗಾಯಿತು. ಬುಟ್ಟಿಯ ಕಡೆ ಕೈ ಮಾಡಿ ಅಂದಳು: "ಬೀಗರಿಗೆ ಹಾಕು, ಮಗಾ."

ಮಿಂಗೇಲ ಹಾಕಿದ. ದೊಡ್ಡಪ್ಪನ ಕೊರಳಿಗೆ ಒಂದು. ಇನಾಸನ ಕೊರಳಿಗೆ ಒಂದು. ಟೆಂಪೋ ಡ್ರೈವರನನ್ನು ಕೆಳಗಿಳಿಸಿ ಅವನಿಗೂ ಒಂದು. ಹಾಕಿ, ಹಿಂದೆ ಸರಿದು, ಚಪ್ಪಾಳೆ ತಟ್ಟಿದ.

ಬಿಳಿ ಅಂಗಿಯ ಮೇಲೆ ಕೆಂಪೆಣ್ಣೆ ಇಳಿಯತೊಡಗಿತು. ದೊಡ್ಡಪ್ಪ ಕೆಳಗೆ ನೋಡಿದ. ಮೂಸಿದ. ಒಂದು ಸಾಸೇಜು ಎತ್ತಿ ಮತ್ತೆ ಮೂಸಿ, ಬಾಯಿ ಚಪ್ಪರಿಸಿದ. "ಬಾಯೀ, ಇಷ್ಟೇನಾ ಇರೂದು?" ಅಂದ.

ಪಾಸ್ಕೀನಬಾಯಿ ಬೈಯಲಿಕ್ಕೆ ಬಾಯಿ ತೆಗೆದಳು. ಮಗ ಕಿವಿ ನಿಮಿರಿಸಿ ಕಾಯುತ್ತಾ ನಿಂತ, ಹೊಸ ಮಾತು ಏನು ಬರುತ್ತದೋ ಅಂತ. ಅವಳು ತಮ್ಮನ ಕೊರಳಿನ ಮಾಲೆಯನ್ನು ಬೆರಳಲ್ಲಿ ಹಿಡಿದು, ಗಂಟು ಗಂಟಾಗಿ ಮುಟ್ಟುತ್ತಾ ಹೋದಳು. ಎಲ್ಲ ಒಂದೇ ಅಳತೆ. ಒಂದೂ ಸಡಿಲ ಇಲ್ಲ.

"ಗಂಟು ಚಲೋ ಹಾಕಿದ್ದಿ, ಮಗಾ" ಅಂದಳು. ಮತ್ತೇನೂ ಹೇಳಲಿಲ್ಲ. ಹೇಳಿದರೆ ಅದನ್ನೂ ಮಾಡಿಬಿಡುತ್ತಾನಲ್ಲ!