ಕಳ್ಳನ ಬಣ್ಣ

ಆಲದ ಮರದ ಮರಿಗಳಿಗೆಲ್ಲ ಗಿಳಿಯೇ ಕಥೆಗಾರ. ಅದರ ಪ್ರತಿ ಕಥೆಯಲ್ಲೂ ಗೂಡು ದೋಚುವ ಕಳ್ಳನಿಗೆ ಕಪ್ಪು ರೆಕ್ಕೆ. ಹಾಗಾಗಿ ಅದೇ ಮರದ ಕಪ್ಪು ಕಾಜಾಣವನ್ನು ಕಂಡರೆ ಮರಿಗಳು ಅಡಗಿಕೊಳ್ಳುತ್ತಿದ್ದವು. ಗಿಡುಗ ಬಂದಾಗಲೆಲ್ಲ ಅದನ್ನು ಕುಕ್ಕಿ ಅಟ್ಟುತ್ತಿದ್ದದ್ದು ಕಾಜಾಣವೇ. ಆದರೂ ಅದರ ಕೊಂಬೆಗೆ ಯಾರೂ ಬರುತ್ತಿರಲಿಲ್ಲ.

ಒಂದು ದಿನ ಅದು ಗಿಳಿಯನ್ನು ಕೇಳಿತು: "ಅಣ್ಣಾ, ನಿಮ್ಮ ಕಳ್ಳ ಯಾವಾಗಲೂ ನನ್ನ ಹಾಗೇ ಯಾಕಿರಬೇಕು?"

"ಬೇಸರ ಮಾಡಿಕೊಳ್ಳಬೇಡ, ಬದಲಾಯಿಸುತ್ತೇನೆ," ಎಂದಿತು ಗಿಳಿ.

ಆ ಸಂಜೆ ಕಥೆಯ ಕಳ್ಳ ಬೂದು ಬಣ್ಣದವನಾದ. ಮರುದಿನ ಬೂದು ಪಾರಿವಾಳದ ಪಕ್ಕ ಯಾರೂ ಕೂರಲಿಲ್ಲ. ಒಂಟಿತನ ಎಂಥದ್ದೆಂದು ಬಲ್ಲ ಕಾಜಾಣ ಹಾರಿಹೋಗಿ ಅದರ ಪಕ್ಕದಲ್ಲೇ ಕೂತು ಗಿಳಿಯನ್ನು ಕರೆಯಿತು.

"ನಾನು ಬೇರೆ ಬಣ್ಣ ಕೇಳಲಿಲ್ಲ ಅಣ್ಣಾ. ಅವನು ಯಾಕೆ ಕದ್ದ? ಅದನ್ನು ಹೇಳಿ."

ಇಷ್ಟು ಕಥೆ ಹೇಳಿಯೂ ಗಿಳಿ ಅದನ್ನು ಯೋಚಿಸಿಯೇ ಇರಲಿಲ್ಲ. ಮರಿಗಳನ್ನು ಕರೆದು ಹೊಸ ಕಥೆ ಶುರುಮಾಡಿತು: "ಒಬ್ಬ ಕಳ್ಳನಿದ್ದ. ಅವನ ಹೊಟ್ಟೆ ತುಂಬಿತ್ತು. ಆದರೂ ಪಕ್ಕದ ಗೂಡಿನ ಹಣ್ಣು ಕಂಡರೆ ಅವನಿಗೆ ತಡೆಯಲಾಗುತ್ತಿರಲಿಲ್ಲ."

ಈ ಸಲ ಮರಿಗಳು ಕಾಜಾಣದ ಕಡೆ ನೋಡಲಿಲ್ಲ, ಪಾರಿವಾಳದ ಕಡೆಯೂ ನೋಡಲಿಲ್ಲ. ತಲೆ ತಗ್ಗಿಸಿ, ಹಣ್ಣಿನ ರಸ ಅಂಟಿದ್ದ ತಮ್ಮ ತಮ್ಮ ಕೊಕ್ಕನ್ನು ಮೆಲ್ಲಗೆ ಕೊಂಬೆಗೆ ಒರೆಸಿಕೊಂಡವು.