ಅಳಿವೆಯ ರಕ್ಕಸಿ ಕೇಳಿದ ಮೂರು ಮಾತು

ಡಂಗುರದವನು ಊರೂರು ಸುತ್ತಿ ಸಾರಿದ: "ಅಳಿವೆಯ ರಕ್ಕಸಿ ಕಡಲನೀರು ತಡೆಯುವ ಕಟ್ಟಿನ ಬಾಗಿಲು ಕಿತ್ತು ಕೂತಿದ್ದಾಳೆ. ಅವಳ ಮೂರು ಒಗಟು ಬಿಡಿಸಿದವರಿಗೆ ಅರಸರಿಂದ ಬೇಡಿದ್ದು ಸಿಗುತ್ತದೆ. ತಪ್ಪಿದವರನ್ನು ಕೆಸರಲ್ಲಿ ಕುತ್ತಿಗೆವರೆಗೆ ಹೂಳುತ್ತಾಳೆ, ಕಡಲುಕ್ಕಿ ಭರತದ ನೀರು ಏರಿದರೆ ಜೀವ ಉಳಿಯದು. ಇದು ಅರಸರ ಅಪ್ಪಣೆ."

ಬೇಡಿದ್ದು ಸಿಗುತ್ತದೆ ಎಂದರೆ ಯಾರು ಸುಮ್ಮನಿರುತ್ತಾರೆ? ಮೊದಲು ದಳವಾಯಿ ಮೀಸೆ ತಿರುವಿ ಹೋದ, ಆಮೇಲೆ ನೆರೆಸೀಮೆಯ ರಾಜಕುಮಾರ. ಇಬ್ಬರೂ ಮರಳಲಿಲ್ಲ. ಇತ್ತ ಉಪ್ಪುನೀರು ನುಗ್ಗಿ ಗದ್ದೆಯ ಭತ್ತವೆಲ್ಲ ಕರಟುತ್ತಿತ್ತು. ಕಳೆ ಕೀಳುವ ಸೋಮಿಯ ಅಣ್ಣ ಹೊನ್ನ ಹಸಿವು ತಾಳಲಾರದೆ ತಾನೂ ಹೊರಟ. ಬೇಡವೆಂದರೂ ಕೇಳಲಿಲ್ಲ. ಸೋಮಿ ಅವನ ಹಿಂದೆಯೇ ಓಡಿದಳು.

ಅವಳು ಅಳಿವೆ ಮುಟ್ಟುವಷ್ಟರಲ್ಲಿ ಹೊನ್ನ ಕೆಸರಲ್ಲಿದ್ದ. ತಲೆ ಮತ್ತು ಒಂದು ಕೈ ಮಾತ್ರ ಮೇಲೆ. ನೀರು ಏರುತ್ತಿತ್ತು.

"ಎಂತಕ್ಕೆ ಬಂದ್ಯೇ ತಂಗಿ, ಮನೆಗೆ ಹೋಗು," ಎಂದ.

"ಒಗಟಿಗೆ ಏಡಿ, ಹಡಗು, ಮೋಡ ಅಂದ ನಿನ್ನಣ್ಣ, ಮೂರೂ ತಪ್ಪು," ರಕ್ಕಸಿ ಹಲ್ಲು ಕಿಸಿದಳು. "ನೀನೂ ಹೇಳ್ತೀಯಾ?"

"ಹೇಳ್ತೆ. ಸರಿಯಾದ್ರೆ ಅಣ್ಣನ್ನ ಬಿಡ್ಬೇಕು."

"ಬಿಡ್ತೆ, ಕೇಳು. ಉಪ್ಪು ಕುಡಿಯುತ್ತದೆ, ಒಳಗೆ ಇಟ್ಟುಕೊಳ್ಳದೆ ಮೈಮೇಲೆ ಹೊರಹಾಕುತ್ತದೆ, ಯಾವುದು? ನಿಮ್ಮ ಕುಡುಗೋಲು ಬರುವ ಮೊದಲೇ ಮಕ್ಕಳನ್ನು ಕೆಸರಿಗೆ ಚೆಲ್ಲಿ ಅಡಗಿಸುತ್ತದೆ, ಯಾವುದು? ಮನೆಮಗನ ರಕ್ತವೇ ಆದರೂ ವರ್ಷವರ್ಷ ಜುಟ್ಟು ಹಿಡಿದು ಹೊರಗೆಸೆಯುತ್ತೀರಿ. ಮನೆ ಮುಳುಗಿದಾಗ ಉಳಿಯುವುದು ಅದೊಂದೇ. ಯಾವುದು?"

ಸೋಮಿಗೆ ಏನೂ ಹೊಳೆಯಲಿಲ್ಲ. ನೀರು ಅಣ್ಣನ ಗಲ್ಲ ಮುಟ್ಟಿತ್ತು. ಒಗಟು ಹಾಳಾಗಲಿ ಎಂದು ಬಗ್ಗಿ ಅವನ ಕೈ ಹಿಡಿದಳು. ಅವನು ಹುಲ್ಲಿನ ಬುಡವೊಂದನ್ನು ಬಿಗಿಯಾಗಿ ಹಿಡಿದಿದ್ದ. ಅದರ ಎಲೆ ಅವಳ ತುಟಿಗೆ ತಾಗಿತು, ಬಾಯೆಲ್ಲ ಉಪ್ಪು. ಕಣ್ಣರಳಿಸಿ ನೋಡಿದಳು. ಎಲೆಯ ಮೇಲೆ ಬಿಳಿ ಹರಳು, ತೆನೆಗೆ ಉದ್ದ ಮುಳ್ಳು. ಪ್ರತಿ ಮಳೆಗಾಲ ಗದ್ದೆಯಿಂದ ಕಿತ್ತು, ಬೈದು, ಕಟ್ಟಿನಾಚೆ ಎಸೆಯುತ್ತಿದ್ದ ಕಾಡುಭತ್ತ.

"ಮೂರಕ್ಕೂ ಉತ್ತರ ಒಂದೇ," ಎಂದಳು. "ಕಾಡುಭತ್ತ. ಕುಡಿದ ಉಪ್ಪನ್ನ ಎಲೆ ಮೇಲೆ ಬಿಡ್ತದೆ. ಕೊಯ್ಲಿಗೆ ಮೊದ್ಲೇ ಕಾಳು ಉದುರಿಸ್ತದೆ. ನಮ್ಮ ಭತ್ತದ ಒಡಹುಟ್ಟು ಅದು, ಕಳೆ ಅಂತ ನಾವು ಕಿತ್ತೆಸೆದದ್ದು."

"ಕಿತ್ತ ಕೈ ಯಾವುದು?"

"ಇದೇ," ಎಂದು ಸೋಮಿ ಕೈ ಚಾಚಿದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ರಕ್ಕಸಿ ಹೊನ್ನನನ್ನು ಎತ್ತಿ ದಡಕ್ಕೆ ಹಾಕಿದಳು, ಕಿತ್ತ ಬಾಗಿಲನ್ನು ಕಟ್ಟಿಗೆ ಮರಳಿ ಇಟ್ಟು ಕಡಲಿಗಿಳಿದಳು. ಆದರೆ ಗದ್ದೆಗೆ ಹೊಕ್ಕ ಉಪ್ಪನ್ನು ಕೊಂಡೊಯ್ಯಲಿಲ್ಲ.

ಬೇಡು ಎಂದರು ಅರಸರು. ಸೋಮಿ ಕಟ್ಟಿನಾಚೆಯ ಕೆಸರುಪಟ್ಟಿ ಬೇಡಿದಳು, ಅಲ್ಲಿ ಯಾರೂ ಕಳೆ ಕೀಳಬಾರದೆಂದಳು. ಆಸ್ಥಾನವೇ ನಕ್ಕಿತು. ಉಪ್ಪು ತಾಳುವ ಭತ್ತ ಹುಟ್ಟಲೆಂದು ಊರ ಭತ್ತವನ್ನು ಅಲ್ಲಿನ ಕಾಡುಭತ್ತದ ಪಕ್ಕ ನೆಟ್ಟು, ಕಾಡಿನದರ ಹೂವನ್ನು ಊರಿನದರ ತೆನೆಗೆ ತೀಡಿದಳು. ಮೊದಲ ವರ್ಷ ಬರೀ ಜೊಳ್ಳು. ಮರುವರ್ಷವೂ ಜೊಳ್ಳೇ. ಜನ ಊರು ಬಿಡತೊಡಗಿದರು.

ಆಮೇಲೊಂದು ಕೊಯ್ಲಿನಲ್ಲಿ ತೆನೆ ತಿಕ್ಕಿದಾಗ ಅಂಗೈಯಲ್ಲಿ ಕೆಲವು ಗಟ್ಟಿ ಕಾಳು ಉಳಿದವು. ಒಲೆ ಹಚ್ಚಿ ಗಂಜಿಗೆ ನೀರಿಟ್ಟಿದ್ದ ಹೊನ್ನ ಆ ಕಾಳು ನೋಡಿದ, ತಂಗಿಯ ಮುಖ ನೋಡಿದ. ಒಲೆ ಆರಿಸಿ, ಬಿತ್ತನೆ ಬೀಜದ ಮಡಕೆ ತಂದು ಅವಳ ಮುಂದಿಟ್ಟ.