ಹಾಲಯ್ಯನ ಹಾಡಿನ ಮೂರನೆಯ ಚರಣ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನಾನು ಬರೆಯುತ್ತಿರುವ ಮೊದಲ ಕತೆ. ನಮ್ಮ ಸೋದರಮಾವ ಇದನ್ನು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ನಾನು ಹೇಳಿದಾಗ ‘ಆಮೇಲೆ?’ ಎಂದರು. ಕತೆ ಆಗಲೇ ಮುಗಿದಿತ್ತು. ಆದ್ದರಿಂದ ಈ ಸಲ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ನೆಲ್ಲಿದುರ್ಗದ ದೊರೆ ಕಸ್ತೂರಿ ನಾಯಕನ ಆಸ್ಥಾನದಲ್ಲಿ ಕೇಶವಾವಧಾನಿ ಎಂಬ ಸಂಗೀತ ವಿದ್ವಾಂಸರಿದ್ದರು. ಅವರು ಹಾಡುತ್ತಿರಲಿಲ್ಲ. ಬೇರೆಯವರು ಹಾಡಿದ್ದು ಯಾಕೆ ಸರಿಯಿಲ್ಲ ಎಂದು ಹೇಳುತ್ತಿದ್ದರು. ಅದೂ ಒಂದು ಕೆಲಸವೇ, ಸಂಬಳವೂ ಇತ್ತು. ಈ ಸೀಮೆಯಲ್ಲಿ ತಾವರಿಯದ ಹಳೆಯ ಹಾಡೇ ಇಲ್ಲ ಎಂಬುದು ಅವರ ಜಂಭ.

ಹಾಲಯ್ಯನೆಂಬ ಹಾಡುಗಾರ ಯಾವ ಆಸ್ಥಾನಕ್ಕೂ ಸೇರಿದವನಲ್ಲ. ತಂಬೂರಿ ಹೆಗಲಿಗೇರಿಸಿಕೊಂಡು, ಜಗಲಿ ಸಿಕ್ಕಲ್ಲಿ ಕೂತು, ತಾನೇ ಕಟ್ಟಿದ್ದನ್ನು ಹಾಡುವವನು. ಆ ವರ್ಷ ಅವನು ಅಜ್ಜಂದಿರ ಕಾಲದ ಧಾಟಿಯಲ್ಲಿ ಹೊಸ ಹಾಡುಗಳನ್ನು ಕಟ್ಟಿದ್ದ. ಅಂದರೆ ಧಾಟಿ ಹಳೆಯದು, ಹಾಡು ಹೊಸದು. ಇದು ಮುಖ್ಯ, ಇನ್ನೊಮ್ಮೆ ಓದಿದರೂ ತಪ್ಪಿಲ್ಲ.

ಜನ ಮುಗಿಬಿದ್ದು ಕೇಳಿದ ಸುದ್ದಿ ತಿಳಿದು ದೊರೆ ಅವನನ್ನು ಕರೆಸಿದ. ಹಾಲಯ್ಯ ಪಲ್ಲವಿ ಹಾಡಿ, ಎರಡು ಚರಣ ಹಾಡಿ ನಿಲ್ಲಿಸಿದ. ಸಭೆ ಮೈಮರೆತಿತ್ತು. ಎಲ್ಲರೂ ಅವಧಾನಿಗಳ ಮುಖ ನೋಡಿದರು.

“ಇದು ನಮ್ಮ ಅಜ್ಜ ಹಾಡುತ್ತಿದ್ದ ಹಾಡು. ಕದ್ದು ತಂದು ತನ್ನದೆನ್ನುತ್ತಿದ್ದಾನೆ. ಇವನ ತಂಬೂರಿ ಕಿತ್ತುಕೊಳ್ಳಬೇಕು, ಮಹಾಸ್ವಾಮಿ,” ಎಂದರು ಅವಧಾನಿಗಳು.

ತಂಬೂರಿ ಹೋದರೆ ಹಾಲಯ್ಯನ ಅನ್ನವೂ ಹೋದಂತೆ. ಹಾಡು ನನ್ನದೇ ಎಂದು ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಹಾಡು ಚೆನ್ನಾಗಿದ್ದದ್ದೇ ಅವನಿಗೆ ಮುಳುವಾಯಿತು. (ನನ್ನ ಬರಹಕ್ಕೆ ಈ ಅಪಾಯವಿಲ್ಲ.)

ಆಗ ಸಿಂಗಪ್ಪಯ್ಯ ಎದ್ದ. ಇವನು ಆಸ್ಥಾನದ ಜಾಣ. ಮೊದಲೇ ಹೇಳಬೇಕಿತ್ತು, ಮರೆತೆ.

“ಅವಧಾನಿಗಳ ಮಾತು ಸುಳ್ಳಾಗುವುದುಂಟೇ? ಆದರೆ ಇವನು ಅಂಕಿತದ ಚರಣ ಹಾಡಲೇ ಇಲ್ಲ. ಅದನ್ನು ತಾವೇ ಹಾಡಿಬಿಟ್ಟರೆ ಕಳ್ಳತನ ಬಯಲಾಗುತ್ತದೆ,” ಎಂದ.

ಅಂಕಿತವೆಂದರೆ ಹಾಡು ಕಟ್ಟಿದವರು ಕೊನೆಯ ಚರಣದಲ್ಲಿ ತಮ್ಮ ಗುರುತಿಗೆ ಇಡುವ ಹೆಸರು. ಹಳೆಯ ಹಾಡೆಂದರೆ ಅದು ಇರಲೇಬೇಕು. ಗೊತ್ತಿಲ್ಲ ಎಂದರೆ ಅವಧಾನಿಗಳ ಜಂಭ ಹೋಗುತ್ತದೆ. ಅವರು ಗಂಟಲು ಸರಿಮಾಡಿಕೊಂಡು, ಮನೆದೇವರ ಹೆಸರು ಸೇರಿಸಿ, ಒಂದು ಚರಣ ಹಾಡಿಯೇಬಿಟ್ಟರು.

ಸಿಂಗಪ್ಪಯ್ಯ ಕಣ್ಣೊರೆಸಿಕೊಂಡ. “ನನ್ನ ಮಂಡೆ ಮಂದ, ಒಂದೇ ಸಲಕ್ಕೆ ಇಳಿಯುವುದಿಲ್ಲ. ಇನ್ನೊಮ್ಮೆ ಹಾಡುವಿರಾ?”

ಎರಡನೆಯ ಸಲ ದೇವರ ಹೆಸರೊಂದು ಉಳಿಯಿತು, ಮಿಕ್ಕ ಮಾತೆಲ್ಲ ಬದಲಾಯಿತು. ಮತ್ತೊಮ್ಮೆ ಬೇಡಿದ. ಈ ಸಲ ದೇವರೂ ಬದಲಾದ.

ಸಭೆಯಲ್ಲಿ ಕೆಮ್ಮು ಹೆಚ್ಚಾಯಿತು. ದೊರೆ ಹಾಲಯ್ಯನತ್ತ ತಿರುಗಿ, ನಿಜವಾದ ಮೂರನೆಯ ಚರಣ ಯಾವುದು ಎಂದು ಕೇಳಿದ.

“ಮೂರನೆಯದು ಇಲ್ಲ, ಬುದ್ಧೀ. ಎರಡೇ ಕಟ್ಟಿದ್ದು. ನನ್ನ ಹೆಸರಿಟ್ಟರೆ ಜನ ಎದ್ದು ಹೋಗುತ್ತಾರೆಂದು ಅಂಕಿತ ಇಡಲಿಲ್ಲ,” ಎಂದ ಹಾಲಯ್ಯ.

ದೊರೆಗೆ ನಗು ತಡೆಯಲಾಗಲಿಲ್ಲ. “ಏನಯ್ಯಾ ಸಿಂಗಪ್ಪಯ್ಯ, ಹಾಡಿನಲ್ಲಿ ಸುಳ್ಳು ಹೇಳಿದವನ ವಾದ್ಯ ಕಿತ್ತುಕೊಳ್ಳಬೇಕೆಂದು ಅವಧಾನಿಗಳದೇ ತೀರ್ಪು. ಈಗ ಅವರದೇನು ಕಿತ್ತುಕೊಳ್ಳೋಣ?”

“ಅವರ ವಾದ್ಯ ನಾಲಿಗೆಯೊಂದೇ, ಮಹಾಸ್ವಾಮಿ. ಅದು ಅಲ್ಲೇ ಇರಲಿ. ಇನ್ನು ಮೇಲೆ ಹಾಲಯ್ಯ ಹಾಡಿದಾಗಲೆಲ್ಲ ‘ಭಲೆ’ ಅನ್ನಲು ಬೇಕಾಗುತ್ತದೆ.”

ದೊರೆ ತನ್ನ ಶಾಲು ತೆಗೆದು ಹಾಲಯ್ಯನಿಗೆ ಹೊದಿಸಿದ. ಮೊದಲ ‘ಭಲೆ’ ಅವಧಾನಿಗಳದೇ, ಸ್ವಲ್ಪ ಸಣ್ಣ ದನಿಯಲ್ಲಿ.

ಇಲ್ಲಿ ನೀವು ನಗಬೇಕು. ಯಾಕೆಂದರೆ ಅವಧಾನಿಗಳು ಅಲ್ಲಿಯವರೆಗೆ ಯಾರಿಗೂ ಭಲೆ ಎಂದವರಲ್ಲ. ನಾಲಿಗೆ ಕೀಳಿಸಿದ್ದರೆ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅಂದರೆ, ಕಷ್ಟ ಆಗುತ್ತಿತ್ತು, ನೋವಾಗುತ್ತಿತ್ತು, ಆದರೆ ನಾನು ಹೇಳುತ್ತಿರುವುದು ಆ ನೋವಲ್ಲ, ಇದು ಬೇರೆ... ಬಂದೆ, ಬಂದೆ. ಒಲೆಯ ಮೇಲೆ ಹಾಲು ಉಕ್ಕುತ್ತಿದೆಯಂತೆ, ನಮ್ಮ ಮನೆಯವಳು ಕೂಗುತ್ತಿದ್ದಾಳೆ. ಇದು ಬೇರೆ ನೋವು, ಹೇಗೆಂದರೆ